ಸೋತವರು ಯಾರು, ತೆತ್ತವರು ಯಾರು

1792ರಲ್ಲಿ ಮೂರನೆಯ ಮೈಸೂರು ಯುದ್ಧ ಸೋತ ಟಿಪ್ಪು ಸುಲ್ತಾನ್ ಅರ್ಧ ರಾಜ್ಯ ಬಿಟ್ಟುಕೊಟ್ಟ, ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ಕಳಿಸಿದ, 3 ಕೋಟಿ 30 ಲಕ್ಷ ರೂಪಾಯಿ ದಂಡ ತೆರಲು ಒಪ್ಪಿಕೊಂಡ. ಮಕ್ಕಳು ಒತ್ತೆಯಾಗಿ ಹೋದ ದೃಶ್ಯವನ್ನು ಇಂಗ್ಲಿಷ್ ಚಿತ್ರಕಾರರು ಮತ್ತೆ ಮತ್ತೆ ಬರೆದರು. ದಂಡದ ಹಣ ಯಾರ ಮನೆಯಿಂದ ಬಂತು ಎಂಬುದನ್ನು ಯಾರೂ ಚಿತ್ರ ಬರೆಯಲಿಲ್ಲ. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಅದರ ಹಂಚಿಕೆಯನ್ನು ದಾಖಲಿಸಿದ್ದಾನೆ: 1 ಕೋಟಿ 10 ಲಕ್ಷ ಖಜಾನೆಯಿಂದ, 60 ಲಕ್ಷ ಸೈನ್ಯದಿಂದ ನಜರಿನ ಹೆಸರಲ್ಲಿ, ಉಳಿದ 1 ಕೋಟಿ 60 ಲಕ್ಷ ಅಧಿಕಾರಿಗಳು ಮತ್ತು ಊರಿನ ಅನುಕೂಲಸ್ಥರಿಂದ. ಅಧಿಕಾರಿಗಳು ತಮ್ಮ ಪಾಲನ್ನು ರೈತರ ಮೇಲೆ ಹೊರಿಸಿದರು. ಯುದ್ಧ ಬೇಕೋ ಬೇಡವೋ ಎಂದು ರೈತನನ್ನು ಯಾರೂ ಕೇಳಿರಲಿಲ್ಲ. ಸೋತ ಮೇಲೆ ದಂಡದ ಅರ್ಧದಷ್ಟು ಅವನ ಕಡೆಗೆ ಬಂತು.

ಇದು ಟಿಪ್ಪುವಿನ ಮೇಲೆ ಹೊರಿಸುವ ದೋಷಾರೋಪವಲ್ಲ. ಆ ಕಾಲದ ಯಾವ ದೊರೆಯೂ ಬೇರೆ ರೀತಿ ನಡೆದುಕೊಳ್ಳುತ್ತಿರಲಿಲ್ಲ, ದಂಡ ಹೇರಿದ ಕಾರ್ನ್‌ವಾಲಿಸ್ ಕೂಡ. ಆದರೆ ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ಹಾದಿಯ ಬದನಗುಪ್ಪೆ, ಅದರ ಸುತ್ತಿನ ಮಳೆ ನಂಬಿದ ಹೊಲಗಳ ಈ ಸೀಮೆಯಲ್ಲಿ ನಿಂತು ಮೂರು ಶತಮಾನಗಳ ಚರಿತ್ರೆ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಯುದ್ಧ ಕೆಟ್ಟಾಗಲೂ ಖಜಾನೆ ಬರಿದಾದಾಗಲೂ ಇಲ್ಲಿ ಆಳುವವರನ್ನು ಹೊಣೆ ಮಾಡಿದ್ದುಂಟು, ಗದ್ದುಗೆಯಿಂದ ಇಳಿಸಿದ್ದೂ ಉಂಟು. ಇಳಿಸಿದವರು ಮಾತ್ರ ಯಾವಾಗಲೂ ಮೇಲಿನವರು, ತೆತ್ತವರು ಕೆಳಗಿನವರು. ತೆತ್ತವನೇ ಲೆಕ್ಕ ಕೇಳುವ ಹಕ್ಕು ಬಂದದ್ದು ತೀರ ಈಚೆಗೆ. ಬಂದ ಹಕ್ಕೂ ಅರ್ಧದಲ್ಲೇ ನಿಂತಿದೆ ಎಂಬುದು ನನ್ನ ವಾದ.

ಟಿಪ್ಪುವಿಗಿಂತ ನೂರು ವರ್ಷ ಹಿಂದೆ ಈ ಸೀಮೆಯ ರೈತರು ತಮಗೆ ತೋಚಿದ ರೀತಿಯಲ್ಲಿ ಲೆಕ್ಕ ಕೇಳಲು ಹೊರಟಿದ್ದರು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಮದುರೆಯೊಂದಿಗೆ, ಮರಾಠರೊಂದಿಗೆ ಎಡೆಬಿಡದೆ ಯುದ್ಧ ಮಾಡಿದರು. ಯುದ್ಧಕ್ಕೆ ಹಣ ಬೇಕು. ಖಜಾನೆಗೆ ದಿನಕ್ಕೆ ಎರಡು ಸಾವಿರ ವರಹ ಜಮೆಯಾಗುವವರೆಗೆ ದೊರೆ ಊಟಕ್ಕೆ ಕೂರುತ್ತಿರಲಿಲ್ಲ ಎಂಬ ಪ್ರತೀತಿ ಇದೆ, ನವಕೋಟಿ ನಾರಾಯಣ ಎಂಬ ಬಿರುದೂ ಇದೆ. ಕಂದಾಯ ಏರಿತು, ಹೊಸ ಹೊಸ ತೆರಿಗೆಗಳು ಸೇರಿಕೊಂಡವು. ಜಂಗಮರ ಮುಂದಾಳುತನದಲ್ಲಿ ರೈತರು ತಿರುಗಿಬಿದ್ದರು. ಅವರ ಪ್ರತಿಭಟನೆಯ ಗುರುತನ್ನು ವಿಲ್ಕ್ಸ್ ವಿವರಿಸುತ್ತಾನೆ: ಊರ ಬಾಗಿಲಲ್ಲಿ, ಜನ ಸೇರಿ ಮಾತಾಡುವ ಮರದ ಕೊಂಬೆಗೆ ನೇಗಿಲನ್ನು ತಲೆಕೆಳಗು ಮಾಡಿ ತೂಗುಹಾಕುತ್ತಿದ್ದರು. ಉಳುವುದಿಲ್ಲ, ಆದ್ದರಿಂದ ಕೊಡುವುದೂ ಇಲ್ಲ. ಆಯುಧವಿಲ್ಲದವನು ಆಳುವವನಿಗೆ ಹೇಳಬಹುದಾದ ಅತ್ಯಂತ ಖಚಿತವಾದ ಮಾತು ಇದು. ಉತ್ತರ ಬಂದದ್ದು ಕತ್ತಿಯಿಂದ. ನಂಜನಗೂಡಿನಲ್ಲಿ ನಾನೂರು ಜಂಗಮರನ್ನು ಕರೆಸಿ ಕೊಲ್ಲಿಸಲಾಯಿತು ಎಂಬ ಕಥೆಯನ್ನು ವಿಲ್ಕ್ಸ್ ಬರೆದಿಟ್ಟ. ಇದೇ ಚಾಮರಾಜನಗರ ತಾಲ್ಲೂಕಿನ ಮಲೆಯೂರು ಕನಕಗಿರಿಯ ದೇವಚಂದ್ರ ತನ್ನ 'ರಾಜಾವಳಿಕಥೆ'ಯಲ್ಲಿ ಆ ಗಲಭೆಯ ಸುದ್ದಿ ಹೇಳುತ್ತಾನೆ. ಕೊಲೆಯ ಸಂಖ್ಯೆಯನ್ನೂ ಘಟನೆಯ ಸ್ವರೂಪವನ್ನೂ ನಂತರದ ವಿದ್ವಾಂಸರು ಪ್ರಶ್ನಿಸಿದ್ದಾರೆ. ವಿಲ್ಕ್ಸ್, ದೇವಚಂದ್ರ ಇಬ್ಬರೂ ಬರೆದದ್ದು ಘಟನೆ ನಡೆದು ನೂರಕ್ಕೂ ಹೆಚ್ಚು ವರ್ಷ ಆದ ಮೇಲಾದ್ದರಿಂದ ಪ್ರಶ್ನೆ ನ್ಯಾಯವಾದದ್ದೇ. ದಂಗೆ ಆಯಿತು, ಅದನ್ನು ಬಲದಿಂದ ಅಡಗಿಸಲಾಯಿತು ಎಂಬುದಷ್ಟು ನಿಲ್ಲುತ್ತದೆ. 1686ರಲ್ಲಿ ಮಂತ್ರಿ ವಿಶಾಲಾಕ್ಷ ಪಂಡಿತನ ಕೊಲೆಯಾಯಿತು. ಅವನು ಯಳಂದೂರಿನ ಜೈನ, ದೊರೆಯ ಬಾಲ್ಯದ ಒಡನಾಡಿ. ಜನರ ಸಿಟ್ಟು ಹೊಣೆಗಾರನನ್ನು ಹುಡುಕಿಕೊಂಡು ಹೋದದ್ದು ಅಲ್ಲಿಗೆ ಎಂದು ಹೇಳುವುದುಂಟು. ಮಂತ್ರಿ ಸತ್ತ, ದೊರೆ ಉಳಿದ, ಕಂದಾಯವೂ ಉಳಿಯಿತು. ಕೊಲೆ ಹೊಣೆಗಾರಿಕೆಯಲ್ಲ. ಅದು ಲೆಕ್ಕ ಕೇಳುವ ಹಾದಿ ಇಲ್ಲದ ಕಡೆ ಹುಟ್ಟುವ ದುರಂತ.

ಇನ್ನು 1831ರ ಪ್ರಕರಣ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹಣಕಾಸು ಕೆಟ್ಟಿತು ಎಂಬ ಕಾರಣ ಕೊಟ್ಟು ಒಬ್ಬ ದೊರೆಯನ್ನು ಆಡಳಿತದಿಂದ ಇಳಿಸಿದ ನಮ್ಮ ಚರಿತ್ರೆಯ ದೊಡ್ಡ ಉದಾಹರಣೆ ಅದು. 1811ರಲ್ಲಿ ದಿವಾನ್ ಪೂರ್ಣಯ್ಯ ಅಧಿಕಾರ ಒಪ್ಪಿಸಿದಾಗ ಖಜಾನೆಯಲ್ಲಿ ಎರಡು ಕೋಟಿ ರೂಪಾಯಿಗೂ ಹೆಚ್ಚು ಇತ್ತು. ಇಪ್ಪತ್ತು ವರ್ಷದಲ್ಲಿ ಅದು ಕರಗಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕೈ ದೊಡ್ಡದು. ದಾನ, ಇನಾಂ, ಅರಮನೆಯ ಖರ್ಚು ಎಲ್ಲವೂ ಧಾರಾಳ. ತಂದೆ ಖಾಸಾ ಚಾಮರಾಜರು ಹುಟ್ಟಿದ ಅರಿಕುಠಾರಕ್ಕೆ ಚಾಮರಾಜನಗರ ಎಂದು ಹೆಸರಿಟ್ಟು, 1826ರಲ್ಲಿ ಅಲ್ಲಿ ಚಾಮರಾಜೇಶ್ವರ ದೇವಾಲಯ ಕಟ್ಟಿಸಿದವರು ಅವರೇ. ಆ ದೇವಾಲಯವನ್ನು ದುಂದುವೆಚ್ಚದ ಪಟ್ಟಿಗೆ ಸೇರಿಸಲು ನನಗೆ ಮನಸ್ಸಿಲ್ಲ. ಆಷಾಢದಲ್ಲಿ ತೇರು ಎಳೆಯುವ ಅಪರೂಪದ ಗುಡಿ ಅದು, ಆ ತಿಂಗಳು ಬೇರೆಯಾಗಿರಬೇಕಾದ ನವದಂಪತಿಗಳು ತೇರಿನ ಮುಂದೆ ಜೊತೆಯಾಗಿ ನಿಲ್ಲುವ ಜಾಗ. ಕಟ್ಟಿಸಿದ ಹಣ ಊರಲ್ಲೇ ಉಳಿದಿದೆ. ಖಜಾನೆಯಿಂದ ಹೊರಹೋದ ಹಣ ಬೇರೆ. 1799ರ ಒಪ್ಪಂದದಂತೆ ಮೈಸೂರು ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 7 ಲಕ್ಷ ನಕ್ಷತ್ರ ವರಹ, ಅಂದರೆ 24.5 ಲಕ್ಷ ರೂಪಾಯಿ, ಪೊಗದಿ ಕಟ್ಟುತ್ತಿತ್ತು. 1807ರ ಪೂರಕ ಒಪ್ಪಂದ ಅದರ ಮೇಲೆ ನಾಲ್ಕು ಸಾವಿರ ಸಿಲ್ಲೇದಾರ್ ಕುದುರೆ ಸವಾರರನ್ನು ಸಾಕುವ ಹೊರೆ ಹಾಕಿತು. ಆ ಸವಾರರು 1817ರ ಪಿಂಡಾರಿ ಮತ್ತು ಮರಾಠಾ ಯುದ್ಧಗಳಲ್ಲಿ ಕಂಪನಿಯ ಪರವಾಗಿ ಹೋರಾಡಿದರು. ಮೈಸೂರಿಗೆ ಆ ಯುದ್ಧದಲ್ಲಿ ಗೆಲ್ಲುವುದೂ ಇರಲಿಲ್ಲ, ಸೋಲುವುದೂ ಇರಲಿಲ್ಲ. ಕುದುರೆ, ಸವಾರ, ಅವರ ಸಂಬಳ ಮಾತ್ರ ಮೈಸೂರಿನದು.

ಈ ಹೊರೆ ರೈತನ ತನಕ ಇಳಿದು ಬಂದ ದಾರಿಯ ಹೆಸರು ಶರ್ತಿ. ಇಂತಿಷ್ಟು ಹಣ ವಸೂಲು ಮಾಡಿ ಕಟ್ಟುತ್ತೇನೆ ಎಂದು ಅಮಲ್ದಾರ ಸರ್ಕಾರಕ್ಕೆ ಕರಾರು ಬರೆದುಕೊಡುತ್ತಿದ್ದ. ಹೆಚ್ಚು ಬಂದರೆ ಸರ್ಕಾರಕ್ಕೆ, ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ಕೈಯಿಂದ ತುಂಬುವ ಅಮಲ್ದಾರ ಎಲ್ಲಿದ್ದಾನೆ? ಮಳೆ ಹೋದ ವರ್ಷವೂ ಅಷ್ಟೇ ಹಣ ರೈತನಿಂದ ಹೊರಡಬೇಕಾಯಿತು. 1825ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಮೈಸೂರಿಗೆ ಬಂದು, ವರ್ಷವರ್ಷದ ಆಯವ್ಯಯ ಒಪ್ಪಿಸಿ, ಇಲ್ಲವಾದರೆ ಆಡಳಿತವನ್ನು ಕಂಪನಿ ವಹಿಸಿಕೊಳ್ಳಲು ಅವಕಾಶ ಕೊಡುವ ಒಪ್ಪಂದದ ನಾಲ್ಕನೆಯ ಕಲಮು ಜಾರಿಗೆ ಬರುತ್ತದೆ ಎಂದು ಎಚ್ಚರಿಸಿದ. ಲೆಕ್ಕ ಕೇಳಿದ್ದು ಸರಿ. ಆದರೆ ಅವನು ಕೇಳಿದ್ದು ಪೊಗದಿಯ ಭದ್ರತೆಗಾಗಿ. 1830ರಲ್ಲಿ ಮಲೆನಾಡಿನ ನಗರ ಸೀಮೆಯ ರೈತರು ಹೊಸಂತೆಯಲ್ಲಿ ಕೂಟ ಸೇರಿದರು. ಊರೂರಿನವರು ಒಂದೆಡೆ ನೆರೆದು, ಅಹವಾಲು ತೀರುವವರೆಗೆ ಕಂದಾಯ ಕಟ್ಟದೆ ಕುಳಿತುಕೊಳ್ಳುವ ಹಳೆಯ ರೂಢಿ ಅದು, ತೂಗುಹಾಕಿದ ನೇಗಿಲಿನ ಮಲೆನಾಡಿನ ರೂಪ. ನಗರದ ಗದ್ದುಗೆ ತನ್ನದೆಂದ ಬೂದಿ ಬಸಪ್ಪನ ಹಕ್ಕುಸಾಧನೆ ಸೇರಿಕೊಂಡ ಮೇಲೆ ಕೂಟ ದಂಗೆಯಾಯಿತು, ಕಂಪನಿಯ ಸೈನ್ಯ ಬಂತು. 1831ರ ಸೆಪ್ಟೆಂಬರ್ 7ರಂದು ಗವರ್ನರ್ ಜನರಲ್ ಬೆಂಟಿಂಕ್ ಆಡಳಿತ ಒಪ್ಪಿಸುವಂತೆ ಪತ್ರ ಬರೆದ. ಅಕ್ಟೋಬರ್ 19ರಂದು ಮಹಾರಾಜರು ಆಡಳಿತ ಬಿಟ್ಟುಕೊಟ್ಟರು.

ದೊರೆಯನ್ನು ಇಳಿಸಿದ ಮೇಲೆ ಕಂಪನಿ ತನ್ನದೇ ಅಧಿಕಾರಿಗಳ ಒಂದು ತನಿಖಾ ಸಮಿತಿ ನೇಮಿಸಿತು. ಮೇಜರ್ ಜನರಲ್ ಹಾಕರ್ ಅದರ ಮುಖ್ಯಸ್ಥ, ಮುಂದೆ ಕಮಿಷನರ್ ಆದ ಮಾರ್ಕ್ ಕಬ್ಬನ್ ಅದರ ಸದಸ್ಯ. 1833ರ ಡಿಸೆಂಬರಿನ ಅದರ ವರದಿ ದೊರೆಯ ದೌರ್ಬಲ್ಯವನ್ನು ಮುಚ್ಚಿಡಲಿಲ್ಲ. ಆದರೆ ನಗರದ ಫೌಜುದಾರಿಯ ಮೇಲೆ ಒಂದೇ ಬಳಗದ ದೀರ್ಘಕಾಲದ ಹಿಡಿತ, ಶರ್ತಿಯ ಒತ್ತಡ, ಅಧಿಕಾರಿಗಳ ವಂಚನೆ ಎಲ್ಲವನ್ನೂ ಬಿಡಿಸಿಟ್ಟಾಗ, ಎಲ್ಲ ತಪ್ಪನ್ನೂ ಒಬ್ಬನ ತಲೆಗೆ ಕಟ್ಟುವುದು ಕಷ್ಟವಾಯಿತು. ಬೆಂಟಿಂಕ್‌ನೇ 1834ರಲ್ಲಿ ಮೈಸೂರಿಗೆ ಬಂದು ಮಹಾರಾಜರನ್ನು ಕಂಡ ಮೇಲೆ ರಾಜ್ಯದ ಒಂದು ಭಾಗವನ್ನು ಮರಳಿ ಕೊಡುವ ಸಲಹೆ ಮುಂದಿಟ್ಟ. ಪೊಗದಿಗೆ ಆಗ ತಕ್ಷಣದ ಅಪಾಯವೇನೂ ಇದ್ದಂತಿಲ್ಲ ಎಂದು ಒಪ್ಪಿಕೊಂಡ. ಲಂಡನ್ ಆ ಸಲಹೆಯನ್ನು ಒಪ್ಪಲಿಲ್ಲ. ತನಿಖೆಗೆ ಮೊದಲೇ ಶಿಕ್ಷೆ ಆಗಿತ್ತು, ತನಿಖೆಯ ನಂತರವೂ ಅದು ಬದಲಾಗಲಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಕಮಿಷನರ್ ಆಳ್ವಿಕೆಯಲ್ಲಿ ಶರ್ತಿ ಹೋಯಿತು, ನೂರಾರು ಬಿಡಿ ತೆರಿಗೆಗಳು ರದ್ದಾದವು, ರೈತ ಉಸಿರಾಡಿದ. ಹೀಗಿರುವಾಗ ಯಾರು ಇಳಿಸಿದರೇನು, ಒಳ್ಳೆಯದಾಯಿತಲ್ಲ? ಕಬ್ಬನ್‌ನ ಕೆಲಸವನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಆ ಪರಿಹಾರ ಒಬ್ಬ ದಕ್ಷ ಅಧಿಕಾರಿಯ ಒಳ್ಳೆಯತನದಿಂದ ಬಂತು, ಅಂಥವನು ಇಲ್ಲದಾಗ ಅದು ಉಳಿಯುವ ಭರವಸೆ ಇರಲಿಲ್ಲ. ಧಾತು ವರ್ಷದ ಬರ ಅದನ್ನು ಸಾಬೀತು ಮಾಡಿತು. 1876ರಿಂದ 1878ರವರೆಗಿನ ಆ ಬರಗಾಲದಲ್ಲಿ ಮೈಸೂರು ನೇರವಾಗಿ ಬ್ರಿಟಿಷ್ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. 1831ರಲ್ಲಿ ದೊರೆಗೆ ಹಚ್ಚಿದ ಒರೆಗಲ್ಲನ್ನೇ ಹಚ್ಚಿದರೆ ಇದಕ್ಕಿಂತ ದೊಡ್ಡ ವೈಫಲ್ಯ ಯಾವುದು? ವೈಸರಾಯ್ ಲಿಟ್ಟನ್ 1877ರಲ್ಲಿ ಬಂದು ಪರಿಹಾರದ ಏರ್ಪಾಟು ಬದಲಿಸಿದ, ಎಲಿಯಟ್ ಎಂಬ ಅಧಿಕಾರಿಯನ್ನು ಕ್ಷಾಮ ಕಮಿಷನರ್ ಆಗಿ ನೇಮಿಸಿದ. ಆಳ್ವಿಕೆಯನ್ನು ಯಾರೂ ಕಿತ್ತುಕೊಳ್ಳಲಿಲ್ಲ, ಕಿತ್ತುಕೊಳ್ಳುವವರು ಇರಲಿಲ್ಲ. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಮರಳಿಸುವಾಗ ಬರಗಾಲದಿಂದ ಉಳಿದ 80 ಲಕ್ಷ ರೂಪಾಯಿ ಸಾಲವನ್ನೂ ಜೊತೆಗೆ ದಾಟಿಸಲಾಯಿತು. ಪೊಗದಿ 24.5 ಲಕ್ಷದಿಂದ 35 ಲಕ್ಷಕ್ಕೆ ಏರುವುದೆಂದೂ ಗೊತ್ತುಮಾಡಲಾಯಿತು. ಹೆಚ್ಚಳದ ವಸೂಲಿಯನ್ನು 1896ರವರೆಗೆ ಮುಂದೂಡಿದ್ದು ದೊಡ್ಡ ರಿಯಾಯಿತಿ ಎನಿಸಿಕೊಂಡಿತು.

ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ನಡೆದದ್ದನ್ನು ಪಕ್ಕದಲ್ಲಿ ಇಟ್ಟು ನೋಡಬೇಕು. ಬರಗಾಲಗಳಿಗೆಂದು ಬ್ರಿಟಿಷ್ ಇಂಡಿಯಾದಲ್ಲಿ ಹೊಸ ತೆರಿಗೆ ಹಾಕಿ ಕೂಡಿಡಲು ಹೊರಟ ಹಣ 1878ರ ಅಫ್ಘನ್ ಯುದ್ಧದ ಕಡೆಗೆ ಹರಿಯಿತು. ಆ ಯುದ್ಧದ ಅಂದಾಜು ವೆಚ್ಚ 60 ಲಕ್ಷ ಪೌಂಡಿನ ಆಸುಪಾಸು ಎಂದು ಹೇಳಿದ್ದರು, ಕೊನೆಗೆ ಅದು ಎರಡು ಪಟ್ಟಿಗೂ ಮೀರಿ ಬೆಳೆಯಿತು. ವಿರೋಧ ಪಕ್ಷದ ಗ್ಲಾಡ್‌ಸ್ಟನ್ ಸ್ಕಾಟ್ಲೆಂಡಿನ ಮಿಡ್‌ಲೋಥಿಯನ್ ಕ್ಷೇತ್ರದಲ್ಲಿ ಊರೂರು ಸುತ್ತಿ ಈ ಯುದ್ಧ ಯಾಕೆ, ಈ ಖರ್ಚು ಯಾಕೆ ಎಂದು ಮತದಾರರ ಮುಂದೆ ಕೇಳಿದ. 1880ರ ಚುನಾವಣೆಯಲ್ಲಿ ಡಿಸ್ರೇಲಿಯ ಸರ್ಕಾರ ಬಿತ್ತು, ಲಿಟ್ಟನ್ ರಾಜೀನಾಮೆ ಕೊಟ್ಟ, ಭಾರತದ ಹಣಕಾಸು ನೋಡುತ್ತಿದ್ದ ಜಾನ್ ಸ್ಟ್ರೇಚಿ ಅಂದಾಜಿನ ತಪ್ಪಿನ ಕಳಂಕ ಹೊತ್ತು ಹುದ್ದೆ ಬಿಟ್ಟ. ಚುನಾಯಿತ ಸರ್ಕಾರವೊಂದನ್ನು ಯುದ್ಧಕ್ಕೂ ಹಣಕಾಸಿಗೂ ಹೊಣೆ ಮಾಡಿದ ಒಳ್ಳೆಯ ಉದಾಹರಣೆ ಇದು. ಆ ಯುದ್ಧದ ಖರ್ಚಿನ ಬಹುಪಾಲು ತೆತ್ತದ್ದು ಮಾತ್ರ ಭಾರತ. ಸ್ಕಾಟ್ಲೆಂಡಿನ ಮತದಾರ ತೀರ್ಪು ಕೊಟ್ಟ, ಇಲ್ಲಿಯ ತೆರಿಗೆದಾರನಿಗೆ ಮತವೇ ಇರಲಿಲ್ಲ.

ಮತದ ಮೊದಲ ನೆರಳು ಮೈಸೂರಿನಲ್ಲಿ ಕಾಣಿಸಿಕೊಂಡದ್ದು ಆ ಸಾಲದ ವರ್ಷದಲ್ಲೇ. 80 ಲಕ್ಷದ ಹೊರೆ ಹೊತ್ತ ದಿವಾನ್ ರಂಗಾಚಾರ್ಲು 1881ರ ಅಕ್ಟೋಬರ್ 7ರಂದು 144 ಜನರ ಪ್ರಜಾಪ್ರತಿನಿಧಿ ಸಭೆ ಕರೆದರು. ದಸರೆಗೆ ಬಂದ ತಾಲ್ಲೂಕುಗಳ ಜಮೀನ್ದಾರರು, ವರ್ತಕರು ದಿವಾನರ ಬಾಯಿಂದ ರಾಜ್ಯದ ಆಯವ್ಯಯ ಕೇಳಿಸಿಕೊಂಡರು. ಸರ್ಕಾರ ತಾನಾಗಿ ಕೆಳಗಿನವರ ಮುಂದೆ ಲೆಕ್ಕ ಓದಿದ ಆ ಸಂಗತಿ ಈ ನಾಡಿನಲ್ಲಿ ಹೊಸದು. ಅದರ ಮಿತಿಗಳೂ ನಿಜ. ಸದಸ್ಯರು ಅಹವಾಲು ಹೇಳಬಹುದಿತ್ತು, ಮತ ಹಾಕುವಂತಿರಲಿಲ್ಲ. ಚುನಾವಣೆ ಬರಲು ಹತ್ತು ವರ್ಷ ಬೇಕಾಯಿತು. ಬಂದಾಗಲೂ ಮತದಾನಕ್ಕೆ ಕಂದಾಯದ ಅಥವಾ ಪದವಿಯ ಅರ್ಹತೆ ಬೇಕಿತ್ತು. ಒಂದೆರಡು ಎಕರೆಯ ಒಕ್ಕಲಿಗ, ಭೂಮಿಯಿಲ್ಲದ ಹೊಲೆಯ, ಉಪ್ಪಾರ ಇವರಾರೂ ಆ ಪಟ್ಟಿಯಲ್ಲಿ ಇರಲು ಸಾಧ್ಯವಿರಲಿಲ್ಲ. ಮೊದಲ ಮಹಾಯುದ್ಧಕ್ಕೆ ಮೈಸೂರು 50 ಲಕ್ಷ ರೂಪಾಯಿ ಕೊಟ್ಟಿತು, ಸವಾರರನ್ನು ಕಳಿಸಿತು. 1918ರ ಸೆಪ್ಟೆಂಬರಿನಲ್ಲಿ ಹೈಫಾದಲ್ಲಿ ಅವರು ತೋರಿದ ಶೌರ್ಯವನ್ನು ಇಂದೂ ಸ್ಮರಿಸುತ್ತೇವೆ. ಆದರೆ ಕೊಡಬೇಕೇ ಎಂದು ಸಭೆಯನ್ನು ಕೇಳಿ ಕೊಟ್ಟದ್ದಲ್ಲ. ಬಜೆಟ್ಟಿನ ಬಗ್ಗೆ ನಿರ್ಣಯ ಮಾಡುವ, ಹೊಸ ತೆರಿಗೆಗೆ ಮುಂಚೆ ಅಭಿಪ್ರಾಯ ಹೇಳುವ ಹಕ್ಕು ಸಭೆಗೆ ಸಿಕ್ಕಿದ್ದು 1923ರ ಕಾಯ್ದೆಯಲ್ಲಿ. ಸಭೆಗೆ ಉತ್ತರ ಕೊಡುವ ಮಂತ್ರಿಮಂಡಲ ಬಂದದ್ದು ಮೈಸೂರು ಚಲೋ ಚಳವಳಿಯ ನಂತರ, 1947ರ ಅಕ್ಟೋಬರಿನಲ್ಲಿ, ಕೆ. ಸಿ. ರೆಡ್ಡಿಯವರ ನೇತೃತ್ವದಲ್ಲಿ.

ಅಲ್ಲಿಂದ ಮುಂದೆ ತೆರುವವನೂ ತೀರ್ಪು ಕೊಡುವವನೂ ಒಬ್ಬನೇ ಆದ. ನಮ್ಮ ಹಿರಿಯರು ಬಯಸಿದ ಗುರಿ ಮುಟ್ಟಿತು ಎಂದು ಹೇಳಬೇಕಾದ ಕಡೆ ಚಾಮರಾಜನಗರದಲ್ಲಿ ಬೇರೊಂದು ನಂಬಿಕೆ ಬೆಳೆಯಿತು. ಈ ಊರಿಗೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾನೆ ಎಂಬ ಮಾತು ಎಷ್ಟು ಬಲವಾಯಿತೆಂದರೆ, 1997ರಲ್ಲಿ ಹೊಸ ಜಿಲ್ಲೆಯನ್ನು ಮುಖ್ಯಮಂತ್ರಿ ಜೆ. ಎಚ್. ಪಟೇಲ್ ಜಿಲ್ಲಾ ಕೇಂದ್ರದ ಬದಲು ಮಲೆ ಮಹದೇಶ್ವರ ಬೆಟ್ಟದಲ್ಲಿ ಉದ್ಘಾಟಿಸಿದರು. ಸಿದ್ದರಾಮಯ್ಯನವರು 2013ರಿಂದ ಹಲವು ಸಲ ಬಂದುಹೋಗಿ ಐದು ವರ್ಷ ಪೂರೈಸಿದ್ದು ಆ ನಂಬಿಕೆಗೆ ಸಾಕಷ್ಟು ಉತ್ತರ. ನನ್ನನ್ನು ಕಾಡುವುದು ಅದರ ಒಳಗಿನ ಅರ್ಥ. ಸರ್ಕಾರ ಬೀಳಲು ಊರಿನ ಮಣ್ಣು ಕಾರಣ ಎಂದಾಗ ಆಡಳಿತ ಕಾರಣವಲ್ಲ ಎಂದಾಗುತ್ತದೆ. ಬಿದ್ದವನು ಏನು ತಪ್ಪು ಮಾಡಿದ ಎಂದು ಯಾರೂ ಕೇಳಬೇಕಾಗಿಲ್ಲ. ಅದಕ್ಕಿಂತ ಹೆಚ್ಚಾಗಿ, ಜನರೆದುರು ಬಂದು ನಿಂತು ಉತ್ತರ ಕೊಡುವುದೇ ಅಪಾಯ ಎಂಬ ನೆಪ ಆಳುವವರಿಗೆ ಸಿಕ್ಕಿತು. ಮತ ಕೊಟ್ಟ ಊರೊಂದು ವರ್ಷಗಟ್ಟಲೆ ಮುಖ್ಯಮಂತ್ರಿಯ ಮುಖ ಕಾಣದೆ ಉಳಿದದ್ದು ಸಣ್ಣ ನಷ್ಟವಲ್ಲ.

ದೇಶದ ಮಟ್ಟದಲ್ಲಿ ನಡೆದದ್ದೂ ಇದಕ್ಕೆ ಬಹಳ ದೂರವಿಲ್ಲ. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆಗಿನ ಭಿನ್ನಾಭಿಪ್ರಾಯದಿಂದ ಕೊಡಗಿನ ಜನರಲ್ ತಿಮ್ಮಯ್ಯ 1959ರಲ್ಲಿ ರಾಜೀನಾಮೆ ಕೊಟ್ಟರು, ನೆಹರೂ ಮಾತಿಗೆ ಓಗೊಟ್ಟು ಹಿಂತೆಗೆದುಕೊಂಡರು. ಮೂರು ವರ್ಷದ ಮೇಲೆ ಚೀನಾ ಯುದ್ಧದಲ್ಲಿ ಸೋತಾಗ ಮೆನನ್ ಹುದ್ದೆ ಬಿಡಬೇಕಾಯಿತು. 1963ರ ಆಗಸ್ಟ್‌ನಲ್ಲಿ ಲೋಕಸಭೆಯ ಮೊದಲ ಅವಿಶ್ವಾಸ ನಿರ್ಣಯ ಚರ್ಚೆಗೆ ಬಂತು, ಸರ್ಕಾರ ಭಾರೀ ಬಹುಮತದಿಂದ ಗೆದ್ದಿತು. ಸೋಲಿನ ಬಗ್ಗೆ ಹೆಂಡರ್‌ಸನ್ ಬ್ರೂಕ್ಸ್ ಮತ್ತು ಭಗತ್ ಬರೆದ ವರದಿ ಅದೇ ವರ್ಷ ಸಿದ್ಧವಾಗಿತ್ತು. ಅದನ್ನು ಸರ್ಕಾರ ಇಂದಿಗೂ ಪ್ರಕಟಿಸಿಲ್ಲ. 2014ರಲ್ಲಿ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ ಒಂದು ಭಾಗವನ್ನು ಹೊರಗೆ ಬಿಟ್ಟರೂ ಅಧಿಕೃತ ಮೌನ ಮುರಿಯಲಿಲ್ಲ. ಹೀಗೆಯೇ ಆಗಬೇಕೆಂದೇನೂ ಇಲ್ಲ. 1958ರಲ್ಲಿ ಜೀವ ವಿಮಾ ನಿಗಮದ ಹಣವನ್ನು ಮುಂಧ್ರಾ ಕಂಪನಿಗಳಲ್ಲಿ ಹಾಕಿದ ಹಗರಣವನ್ನು ನ್ಯಾಯಮೂರ್ತಿ ಛಾಗ್ಲಾ ಬಹಿರಂಗವಾಗಿ, ಕೆಲವೇ ವಾರಗಳಲ್ಲಿ ವಿಚಾರಿಸಿದರು. ಹಣಕಾಸು ಮಂತ್ರಿ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಆ ಪ್ರಶ್ನೆಯನ್ನು ಲೋಕಸಭೆಯಲ್ಲಿ ಎತ್ತಿದವರು ಪ್ರಧಾನಿಯ ಅಳಿಯ ಫಿರೋಜ್ ಗಾಂಧಿ ಎಂಬುದನ್ನು ಮರೆಯಬಾರದು. ಕಾರ್ಗಿಲ್ ಯುದ್ಧದ ಪರಿಶೀಲನಾ ವರದಿ 2000ದಲ್ಲಿ ಕೆಲವು ಭಾಗ ಬಿಟ್ಟು ಸಂಸತ್ತಿನ ಮುಂದೆ ಬಂತು.

ಯುದ್ಧದ ತೀರ್ಮಾನಗಳನ್ನು ಹೀಗೆ ಕೆದಕಿದರೆ ಮುಂದಿನ ನಾಯಕರು ಅಂಜಿ ಕೈಕಟ್ಟಿ ಕೂರುತ್ತಾರೆ ಎನ್ನುವವರಿದ್ದಾರೆ. ಘಟನೆ ಮುಗಿದ ಮೇಲೆ ಬುದ್ಧಿ ಹೇಳುವುದು ಸುಲಭ, ಆ ಹೊತ್ತಿನ ಒತ್ತಡ ಅವರಿಗೇ ಗೊತ್ತು ಎನ್ನುತ್ತಾರೆ. ಈ ಮಾತಿನಲ್ಲಿ ಹುರುಳಿದೆ, ಆದ್ದರಿಂದಲೇ ಶಿಕ್ಷೆಗೂ ತನಿಖೆಗೂ ಅಂತರ ಇರಬೇಕು. 2008ರಲ್ಲಿ ಬ್ಯಾಂಕುಗಳು ಕುಸಿದ ಐಸ್‌ಲ್ಯಾಂಡ್ ತನ್ನ ಪ್ರಧಾನಿಯಾಗಿದ್ದ ಗೈರ್ ಹಾರ್ಡೆಯನ್ನು ವಿಶೇಷ ನ್ಯಾಯಾಲಯದ ಮುಂದೆ ನಿಲ್ಲಿಸಿತು. ಬಿಕ್ಕಟ್ಟಿನ ವಿಷಯವನ್ನು ಮಂತ್ರಿಮಂಡಲದ ಸಭೆಗೆ ತರಲಿಲ್ಲ ಎಂಬ ಒಂದೇ ಆರೋಪ 2012ರಲ್ಲಿ ಸಾಬೀತಾಯಿತು, ಶಿಕ್ಷೆಯೇನೂ ಆಗಲಿಲ್ಲ. ಎಷ್ಟೋ ಜನ ಅದನ್ನು ವ್ಯರ್ಥ ಪ್ರಯತ್ನ ಎಂದರು. ನನಗೆ ಹಾಗನಿಸುವುದಿಲ್ಲ. ಯಾರಿಗೆ ಯಾವಾಗ ಏನು ಗೊತ್ತಿತ್ತು ಎಂಬುದು ಪ್ರಮಾಣ ಮಾಡಿದ ಸಾಕ್ಷಿಗಳಿಂದ ಹೊರಬಿತ್ತು. ಇರಾಕ್ ಯುದ್ಧದ ಬಗ್ಗೆ ಬ್ರಿಟನ್ನಿನ ಚಿಲ್ಕಾಟ್ ತನಿಖೆ ಮುಗಿಯಲು ಏಳು ವರ್ಷ ಹಿಡಿಯಿತು, ಯಾರನ್ನೂ ಜೈಲಿಗೆ ಕಳಿಸಲಿಲ್ಲ. ಆದರೆ ಯುದ್ಧಕ್ಕೆ ಕೊಟ್ಟ ಕಾರಣಗಳು ನಿಲ್ಲುವುದಿಲ್ಲ ಎಂಬುದನ್ನು ದಾಖಲೆಗಳ ಸಮೇತ ತೋರಿಸಿತು. ಐದು ವರ್ಷಕ್ಕೊಮ್ಮೆ ಚುನಾವಣೆ ಇದೆಯಲ್ಲ, ಅದೇ ಸಾಕು ಎನ್ನುವವರಿಗೂ ಉತ್ತರ ಇಲ್ಲೇ ಇದೆ. ಚುನಾವಣೆಯಲ್ಲಿ ಜಾತಿ, ಬೆಲೆ, ಸ್ಥಳೀಯ ಸಿಟ್ಟು, ನೂರು ಕಾರಣ ಒಂದೇ ಗುಂಡಿಯ ಒತ್ತಿನಲ್ಲಿ ಸೇರಿಹೋಗುತ್ತವೆ. ಗೆದ್ದವನು ಕ್ಷಮೆ ಸಿಕ್ಕಿತು ಎಂದುಕೊಳ್ಳುತ್ತಾನೆ, ಸೋತವನು ಗಾಳಿ ಬದಲಾಯಿತು ಎನ್ನುತ್ತಾನೆ. ಯಾವ ತೀರ್ಮಾನ ತಪ್ಪಾಯಿತು, ಅದರ ಬೆಲೆ ಎಷ್ಟು, ಯಾರು ತೆತ್ತರು ಎಂಬ ವಿವರ ಮತಪೆಟ್ಟಿಗೆಯಿಂದ ಹೊರಬರುವುದಿಲ್ಲ. ಆ ವಿವರ ಕೈಯಲ್ಲಿಲ್ಲದೆ ಹಾಕಿದ ಮತ ಆಳುವವರನ್ನು ಬದಲಿಸಬಲ್ಲದು, ಆಳುವ ರೀತಿಯನ್ನು ಬದಲಿಸುವುದು ಕಷ್ಟ.

ಹಾಕರ್ ಸಮಿತಿಯ ವರದಿ ಕಂಪನಿಗೆ ಹಿತವಾದದ್ದಾಗಿರಲಿಲ್ಲ. ಗವರ್ನರ್ ಜನರಲ್‌ನ ತೀರ್ಮಾನದ ಬಗ್ಗೆ ಅನುಮಾನ ಹುಟ್ಟಿಸುವ ದಾಖಲೆಯನ್ನು ಕಂಪನಿಯ ಅಧಿಕಾರಿಗಳೇ ಬರೆದಿದ್ದರು. ಆದರೂ 1858ರಲ್ಲಿ, ಬರೆದು ಇಪ್ಪತ್ತೈದು ವರ್ಷ ತುಂಬುವ ಹೊತ್ತಿಗೆ, ಅದು ಬೆಂಗಳೂರಿನ ಸರ್ಕಾರಿ ಮುದ್ರಣಾಲಯದಲ್ಲಿ ಅಚ್ಚಾಯಿತು. ನಗರದ ಕೂಟಗಳಲ್ಲಿ ಕುಳಿತ ರೈತರು ಏನು ಕೇಳಿದರು, ಅಮಲ್ದಾರರು ಏನು ಮಾಡಿದರು ಎಂಬುದನ್ನು ಇಂದು ನಾವು ಓದಬಹುದಾದರೆ ಅದಕ್ಕೆ ಈ ವರದಿ ಒಂದು ಮುಖ್ಯ ಕಾರಣ. 1963ರಲ್ಲಿ ಸಿದ್ಧವಾದ ವರದಿ ಅರವತ್ತು ವರ್ಷ ದಾಟಿದರೂ ರಹಸ್ಯದ ಪಟ್ಟಿಯಲ್ಲೇ ಇದೆ. ಇಂಥ ವರದಿಯನ್ನು ಅಚ್ಚು ಮಾಡಿಸಿ ಎಂದು ಕೇಳುವ ಹಕ್ಕು 1831ರ ರೈತನಿಗೆ ಇರಲಿಲ್ಲ. ಬದನಗುಪ್ಪೆಯ ಮತದಾರನಿಗೆ ಇದೆ.